ಬಲಗಡೆಯಿಂದ ಬರುವವರು

ಹೇಳಿಕೆಯನ್ನು ಮನೋರಮಾ ಮೂರು ಸಲ ಬರೆದಿದ್ದಳು. ಮೂರನೆಯ ಪ್ರತಿಯಲ್ಲಿ ಹೊಡೆದುಹಾಕಿದ ಒಂದು ಅಕ್ಷರವೂ ಇರಲಿಲ್ಲ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸಿದವಳ ಕೈಬರಹ ಅದು, ಗೆರೆಯಿಲ್ಲದ ಕಾಗದದ ಮೇಲೂ ಗೆರೆ ಹಿಡಿದಂತೆ ನಡೆಯುವಂಥದು. ‘ಸೂಚನಾಫಲಕವಾಗಲಿ ದೀಪದ ಸಂಜ್ಞೆಯಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಪ್ರತಿಯೊಬ್ಬ ಚಾಲಕನೂ ತನ್ನ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡತಕ್ಕದ್ದು. ಲಾರಿಯ ಚಾಲಕನು ತನ್ನ ಬಲಗಡೆಯಿಂದ ಬರುತ್ತಿದ್ದ ಸ್ಕೂಟರಿಗೆ ದಾರಿ ಬಿಡಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ಈ ಮೂರು ವಾಕ್ಯಗಳಲ್ಲಿ ಸುಳ್ಳು ಎಂಬುದು ಸಾಸಿವೆಯಷ್ಟೂ ಇರಲಿಲ್ಲ. ಆದರೂ ಬೆಳಗಿನ ಕಾಫಿ ಆರಿ ಕೆನೆಗಟ್ಟುವವರೆಗೆ ಅವಳು ಅವನ್ನೇ ನೋಡುತ್ತ ಕುಳಿತಿದ್ದಳು. ಪಕ್ಕದವನ ಉತ್ತರವನ್ನು ತಪ್ಪಿಲ್ಲದೆ ನಕಲು ಮಾಡಿದ ಹುಡುಗನ ಹಾಳೆಯನ್ನು ತಿದ್ದುವಾಗ ಬರುವಂಥ ಸಂಶಯ ಅದು. ಎಲ್ಲವೂ ಸರಿಯಿದೆ; ಅಂಕ ಕೊಡಲು ಮಾತ್ರ ಮನಸ್ಸು ಒಪ್ಪುವುದಿಲ್ಲ.

ಹಾಳೆಯಲ್ಲಿ ಇಲ್ಲದಿದ್ದುದು ಅವಳ ಕೈ. ಹದಿನೇಳು ದಿನಗಳ ಹಿಂದೆ, ಬೆಳಿಗ್ಗೆ ಎಂಟೂಕಾಲಿಗೆ, ಊರವರು ನಾಲ್ಕುಮಾರ್ಗ ಎಂದು ಕರೆಯುವ ಕೂಡುರಸ್ತೆಗೆ ಮೂರು ಕಡೆಯಿಂದ ಮೂವರು ಬಂದಿದ್ದರು. ಕೆಳಗಿನ ಮಾರ್ಗದಿಂದ, ಕಲ್ಲುಕೋರೆಯ ಏರನ್ನು ಹತ್ತುತ್ತ, ಕೆಂಪುಕಲ್ಲು ತುಂಬಿದ ಲಾರಿಯಲ್ಲಿ ಖಾಲಿದ್. ಅವನ ಬಲಗಡೆಯ ಮಾರ್ಗದಿಂದ ಸ್ಕೂಟರಿನಲ್ಲಿ ದೀಕ್ಷಿತಾ. ಹೊಸಂಗಡಿಯಲ್ಲಿ ಬಸ್ಸು ಹಿಡಿದು ಅನಂತಪುರದ ಕೈಗಾರಿಕಾ ಎಸ್ಟೇಟಿಗೆ ಕೆಲಸಕ್ಕೆ ಹೋಗುವ ಹುಡುಗಿ. ದೀಕ್ಷಿತಾಳ ಬಲಗಡೆಯಿಂದ, ಬೆಳಗಿನ ಅಭ್ಯಾಸ ಮುಗಿಸಿ ಮೇಲಿನ ಮಾರ್ಗವಿಳಿದು ಮನೆಗೆ ಮರಳುತ್ತ, ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳಷ್ಟೇ ಆಗಿದ್ದ ಮನೋರಮಾ ತನ್ನ ಬಿಳಿಯ ಆಲ್ಟೋದಲ್ಲಿ. ಮನೋರಮಾಳ ಬಲಗಡೆ ಹೊಸಂಗಡಿಯ ಮಾರ್ಗ, ಅದು ಬರಿದಾಗಿತ್ತು. ಪುಸ್ತಕದ ಪ್ರಕಾರ ಮೊದಲ ಸರದಿ ಅವಳದು, ಎರಡನೆಯದು ದೀಕ್ಷಿತಾಳದು, ಕೊನೆಯದು ಲಾರಿಯದು. ಇದನ್ನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಕೂಡಿಸುವ ಚಿಹ್ನೆ ಬರೆದು ಕಲಿಸಿದವಳು, ಸ್ಟಿಯರಿಂಗ್ ಹಿಡಿದು ಕುಳಿತಾಗ, ಕ್ಲಚ್ಚನ್ನು ಬಿಡಬೇಕಾದುದಕ್ಕಿಂತ ಮೊದಲೇ ಬಿಟ್ಟಳು. ಕಾರು ಒಮ್ಮೆ ಕೆಮ್ಮಿ ಸತ್ತಿತು. ಅಷ್ಟರಲ್ಲಿ ಕೆಳಗಿನಿಂದ ಆ ಉದ್ದನೆಯ ಹಾರ್ನು. ಕೋರೆಯ ಲಾರಿಗಳೆಲ್ಲ ಏರಿನ ಬುಡದ ಗೋಳಿಮರದ ತಿರುವಿನಲ್ಲಿ ಹೊಡೆಯುವ ಹಾರ್ನು ಅದು. ‘ನಾನು ಬರುತ್ತಿದ್ದೇನೆ, ನಿಲ್ಲುವವನಲ್ಲ’ ಎಂದು ಅದರ ಅರ್ಥ. ಅದು ಕೇಳಿದೊಡನೆ ನಾಲ್ಕುಮಾರ್ಗದಲ್ಲಿ ಎಲ್ಲರೂ ನಿಲ್ಲುವುದು ಅಲ್ಲಿನ ಪದ್ಧತಿ. ದೀಕ್ಷಿತಾಳೂ ನಿಂತಳು. ಕಾಲೂರಿ, ಹೆಲ್ಮೆಟಿನೊಳಗಿನಿಂದ ತನ್ನ ಟೀಚರನ್ನು ಗುರುತಿಸಿ, ನಕ್ಕಳು. ಮನೋರಮಾ ಗಾಜಿನಾಚೆ ಅಂಗೈ ತೋರಿಸಿ, ಎರಡು ಸಲ, ತರಗತಿಯಲ್ಲಿ ಓದಲು ಹಿಂಜರಿಯುವವಳನ್ನು ಎಬ್ಬಿಸುವ ಹಾಗೆ, ‘ಹೋಗು’ ಎಂದಳು. ಹುಡುಗಿ ಹೋದಳು.

ಲಾರಿ ಇನ್ನೂ ತಿರುವಿನ ಆಚೆಗಿದೆಯೆಂದು ತಾನು ತಿಳಿದಿದ್ದೆ, ಎಂದು ಮನೋರಮಾ ಹದಿನೇಳು ದಿನಗಳಿಂದ ತನಗೆ ತಾನೇ ಹೇಳಿಕೊಂಡಿದ್ದಳು.

“ಹನ್ನೊಂದಕ್ಕಲ್ವಾ ಸ್ಟೇಷನಿಗೆ ಹೋಗ್ಬೇಕಾದ್ದು? ಈಗಲೇ ಎಂತಕ್ಕೆ ಹೊರಡುದು?” ಎಂದ ಗಂಡ ವೆಂಕಟಕೃಷ್ಣ, ಜಗಲಿಯಲ್ಲಿ ಪತ್ರಿಕೆಯಿಂದ ಮುಖವೆತ್ತದೆ. ದೀಕ್ಷಿತಾಳನ್ನು ನೋಡಿಕೊಂಡು ಹೋಗುತ್ತೇನೆಂದಳು. “ಒಳ್ಳೆಯದು. ಗೇರಿಗೆ ಪಾಠ ಹೇಳ್ಬೇಡ, ಹಾಕಿದ್ರೆ ಬೀಳ್ತದೆ ಅದು,” ಎಂದು ನಕ್ಕ. ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಇದ್ದಿದ್ದರೆ ಒಂದು ಉತ್ತರ ಕೊಡಬಹುದಿತ್ತು. ೨೦೧೨ರ ಅಕ್ಟೋಬರಿನ ಎರಡನೆಯ ಶನಿವಾರ ಅದು; ಶಾಲೆಗೆ ರಜೆ, ಬಿಸಿಲಿಗೆ ಆಗಲೇ ಹರಿತ ಬಂದಿತ್ತು, ಮಾರ್ಗದ ಎರಡೂ ಬದಿಯ ಕೆಂಪುಕಲ್ಲಿನ ದರೆಗಳು ಒಣಗಿ ಪುಡಿ ಉದುರಿಸುತ್ತಿದ್ದವು. ಹೆಲ್ಮೆಟನ್ನು ಕನ್ನಡಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ ಬೈಕಿನವನೊಬ್ಬನನ್ನು ಕಂಡು ಅವಳಿಗೆ ಎಂದಿನಂತೆ ಮೈ ಉರಿಯಿತು. ತಲೆಗೆ ಮಾಡಿದ್ದನ್ನು ಕನ್ನಡಿಗೆ ತೊಡಿಸುವ ಈ ಜನ, ಫಲಕ ಹಾಕಿಸಿ ಎಂದು ಎರಡು ಸಲ ಬರೆದ ಅರ್ಜಿಗೆ ಉತ್ತರ ಕೊಡದ ಆ ಪಂಚಾಯತು, ಹಾರ್ನನ್ನೇ ಹಕ್ಕುಪತ್ರ ಮಾಡಿಕೊಂಡ ಲಾರಿಯವರು: ಇವರೆಲ್ಲರ ಮೇಲೂ ಅವಳಿಗೆ ಸಿಟ್ಟಿತ್ತು, ಆ ಸಿಟ್ಟು ನ್ಯಾಯವಾದುದೇ ಆಗಿತ್ತು, ಮತ್ತು ಈ ದಿನಗಳಲ್ಲಿ ಅವಳು ಆ ಸಿಟ್ಟನ್ನು ಬಿಸಿ ಆರದಂತೆ ಕಾಯ್ದುಕೊಂಡಿದ್ದಳು, ಅದು ಆರಿದರೆ ಅದರಡಿಯಲ್ಲಿ ಇನ್ನೇನು ಕಾಣಿಸುವುದೋ ಎಂಬ ಹೆದರಿಕೆಯಿಂದ.

ಅವಳ ಮನೆಯಿದ್ದುದು ಕೆಳಗಿನ ಮಾರ್ಗದಲ್ಲಿ. ಆದ್ದರಿಂದ ಅಂದು ಲಾರಿ ಹತ್ತಿದ ಏರನ್ನೇ ಅವಳೂ ಹತ್ತಿದಳು. ಏರಿನ ತುದಿಯಲ್ಲಿ, ಬಲಗಡೆಯಿಂದ ಆಟೋ ಒಂದು ಬರುತ್ತಿದ್ದುದನ್ನು ಕಂಡು, ನಿಯಮದಂತೆ ನಿಂತಳು. ಆಟೋ ದಾಟಿತು. ಬ್ರೇಕಿನಿಂದ ಕಾಲು ತೆಗೆದಳು; ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿತು. ಮತ್ತೆ ಒತ್ತಿದಳು. ಮತ್ತೆ ಬಿಟ್ಟಳು, ಮತ್ತೆ ಜಾರಿತು, ಈ ಸಲ ಇನ್ನೂ ಒಂದು ಗೇಣು ಹೆಚ್ಚು. ಕನ್ನಡಿಯಲ್ಲಿ ಜೀಪೊಂದರ ಮೂತಿ ದೊಡ್ಡದಾಗಿ ಬಂದು ನಿಂತಿತು. ಇನ್ನು ಹಾರ್ನು ಬರುತ್ತದೆ, ಬಯ್ಗುಳವೂ ಬರುತ್ತದೆ ಎಂದು ಅವಳು ಹೆಗಲನ್ನು ಕುಗ್ಗಿಸಿ ಕಾದಳು. ಬಂದದ್ದು ಚಪ್ಪಲಿಯ ಸದ್ದು. ಹಿಂಬದಿಯಲ್ಲಿ ಯಾರೋ ಬಗ್ಗಿ, ಚಕ್ರದ ಹತ್ತಿರ ಏನನ್ನೋ ಕುಕ್ಕಿದರು.

“ಬ್ರೇಕ್ ಬಿಡಿ ಟೀಚರ್. ಕಲ್ಲು ಇಟ್ಟಿದ್ದೇನೆ, ಎಲ್ಲಿಗೂ ಹೋಗುದಿಲ್ಲ.” ಜೀಪಿನ ವಾಸಪ್ಪ ಕಿಟಕಿಯ ಬಳಿ ಬಂದು ನಿಂತಿದ್ದ, ಕೋರೆಯ ಕೆಲಸದವರನ್ನು ಕರೆತರುವವನು. “ಹೆದರ್ಬೇಡಿ. ಇಲ್ಲಿ ನಿಂತವರಿಗೆಲ್ಲ ಹೀಗೇ ಆಗುದು. ಅದಕ್ಕೇ ಅಲ್ವಾ ನಾವು ಕಲ್ಲು ಇಟ್ಟುಕೊಂಡದ್ದು.”

ದರೆಯ ಬುಡದಲ್ಲಿ ಆರೇಳು ಕೆಂಪುಕಲ್ಲಿನ ತುಂಡುಗಳು ಸಾಲಾಗಿದ್ದವು. ಒಂಬತ್ತು ವರ್ಷಗಳಿಂದ ಈ ದಾರಿಯಲ್ಲಿ ನಡೆದವಳು ಅವನ್ನು ಕಂಡಿದ್ದಳು. ಯಾರೋ ಗೋಡೆ ಕಟ್ಟಿ ಉಳಿಸಿದ ಕಸ ಎಂದುಕೊಂಡಿದ್ದಳು. ಈಗ ನೋಡಿದರೆ ಒಂದೊಂದರ ಒಂದು ಮೈಯೂ ಟೈರಿಗೆ ತಿಕ್ಕಿ ತಿಕ್ಕಿ ಬಟ್ಟಲಿನ ಹಾಗೆ ಸವೆದಿತ್ತು.

“ಲೋಡಿದ್ದವ ನಿಂತರೆ?” ಎಂದಳು. ಕೇಳಬೇಕೆಂದು ಕೇಳಿದ್ದಲ್ಲ.

“ಲೋಡಿದ್ದವ ನಿಲ್ಲುದೇ ಇಲ್ಲ ಟೀಚರ್. ನೀವು ಇಲ್ಲಿ ಮನೆ ಕಟ್ಟುವ ಮೊದಲಿನ ಕತೆ. ಹೊಸ ಡ್ರೈವರೊಬ್ಬ, ಒಳ್ಳೆಯವ, ಇಲ್ಲಿ ಯಾರಿಗೋ ದಾರಿ ಬಿಡ್ಲಿಕ್ಕೆ ಅಂತ ನಿಲ್ಲಿಸಿದ. ಲಾರಿ ಹಿಂದೆ ಬಂತು. ಹಿಂದಿನಿಂದ ಕೋರೆಯ ಹೆಂಗಸರು ನಡ್ಕೊಂಡು ಬರ್ತಿದ್ರು. ಮೂರು ಜನ.” ವಾಸಪ್ಪ ಅಷ್ಟು ಹೇಳಿ ಮಾರ್ಗದ ಕಡೆ ನೋಡಿದ. “ಆಮೇಲೆ ಹಾರ್ನ್ ಹೊಡೆಯುದು ಶುರುವಾದ್ದು. ಯಾರು ಹೇಳಿದ್ದು ಅಂತ ಇಲ್ಲ, ಎಲ್ಲರೂ ನಿಲ್ಲಿಕ್ಕೆ ಶುರು ಮಾಡಿದ್ರು. ಈಗ ಬಿಡಿ, ಆಕ್ಸಿಲೇಟರ್ ಕೊಡಿ. ಹಾಂ. ಹೋಯ್ತಲ್ಲ!”

ಕಾರು ಏರಿತ್ತು. ಬಲಕ್ಕೆ ಹೊರಳಿ ದೀಕ್ಷಿತಾಳ ಮಾರ್ಗಕ್ಕೆ ಬಂದಳು. ಫಲಕವಿಲ್ಲ, ದೀಪವಿಲ್ಲ, ಅಚ್ಚು ಹಾಕಿದ ಒಂದು ಸಾಲಿಲ್ಲ. ಮೂವರು ಹೆಂಗಸರು ಸತ್ತ ಒಂದು ದಿನದಿಂದ ಹುಟ್ಟಿ, ಬಾಯಿಂದ ಬಾಯಿಗೂ ದಾಟದೆ, ಬರಿಯ ಬ್ರೇಕೊತ್ತುವ ಕಾಲಿನ ರೂಢಿಯಲ್ಲಿ ಒಂದೂರು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅವಳು ಅನಾಗರಿಕತೆ ಎಂದು ಕರೆದಿದ್ದಳು. ತರಗತಿಯಲ್ಲಿ, ಗಟ್ಟಿಯಾಗಿ. ‘ಹಾರ್ನು ಹೊಡೆದವನಿಗೆ ದಾರಿ ಬಿಡುವುದು ಗುಲಾಮರ ಲಕ್ಷಣ’ ಎಂದಿದ್ದಳು. ಆ ವಾಕ್ಯವನ್ನು ಬರೆದುಕೊಳ್ಳಿರೆಂದೂ ಹೇಳಿದ್ದಳು. ಅದಕ್ಕೂ ವರ್ಷಗಳ ಮೊದಲು, ಇದೇ ಪಾಠದ ಹೊತ್ತಿಗೆ, ಆಗ ಕೊನೆಯ ಬೆಂಚಿನಲ್ಲಿದ್ದ ಈ ಖಾಲಿದನಿಗೆ ಬಲ ಎಡ ತಿಳಿಯದು ಎಂದು ಹುಡುಗಿಯರು ನಕ್ಕಾಗ ಅವನನ್ನು ಮುಂದೆ ಕರೆದು, ಬಲ ಅಂಗೈಯ ಮೇಲೆ ನೀಲಿ ಶಾಯಿಯಲ್ಲಿ ‘ಬಲ’ ಎಂದು ಬರೆಸಿ, ದಿನವಿಡೀ ತೊಳೆಯಕೂಡದೆಂದು ಕಟ್ಟಪ್ಪಣೆ ಮಾಡಿದ್ದಳು. ಅವನು ಎಡಗೈಯಲ್ಲಿ ಬರೆಯುವ ಹುಡುಗ. ಆದ್ದರಿಂದ ಅದು ಅವನಿಗೆ ಸುಲಭವಾಗಿತ್ತು. ಊಟದ ಹೊತ್ತಿಗೆ, ಅಕ್ಷರ ಅಳಿಸಬಾರದೆಂದು, ಅವನು ಎಡಗೈಯಲ್ಲಿ ಉಂಡದ್ದನ್ನೂ ಅದಕ್ಕಾಗಿ ಬೇರೆ ಹುಡುಗರಿಂದ ಬೈಸಿಕೊಂಡದ್ದನ್ನೂ ಅವಳು ಕಂಡಿದ್ದಳು. ಕಂಡು, ಶಿಸ್ತು ಎಂದರೆ ಹೀಗೆ ಎಂದುಕೊಂಡಿದ್ದಳು.

ದೀಕ್ಷಿತಾಳ ಅಪ್ಪ ಲೋಕಯ್ಯ ಅಂಗಳಕ್ಕೇ ಬಂದು ಎದುರುಗೊಂಡ. ಹುಡುಗಿ ಒಳಗೆ, ಕಿಟಕಿಯ ಬದಿಯ ಮಂಚದಲ್ಲಿ, ತೊಡೆಯವರೆಗೂ ಪ್ಲಾಸ್ಟರು ಹಾಕಿದ ಕಾಲನ್ನು ಎರಡು ದಿಂಬುಗಳ ಮೇಲೆ ಇರಿಸಿ ಕುಳಿತಿದ್ದಳು. ಟೀಚರನ್ನು ಕಂಡು ಏಳಲು ನೋಡಿದಳು. ಏಳಲಾಗದು ಎಂಬುದನ್ನು ಅವಳ ಮೈ ಆ ಕ್ಷಣ ಮರೆತಿತ್ತು. ನೋವಿನಿಂದ ಮುಖ ಬಿಳುಚಿತು, ಆಮೇಲೆ ನಗು ಬಂತು.

“ಕೂತ್ಕೊಳ್ಳಿ ಟೀಚರ್,” ಎಂದ ಲೋಕಯ್ಯ, ನಿಂತೇ. “ನೀವು ಕಂಡದ್ದು ಒಳ್ಳೆಯದಾಯ್ತು. ನೀವು ಹೇಳಿದ್ರೆ ಪೊಲೀಸರು ಕೇಳ್ತಾರೆ. ಇವಳಂತೂ ಬಾಯಿ ಬಿಡುದಿಲ್ಲ. ಹಾರ್ನ್ ಕೇಳಿಯೂ ಎಂತಕ್ಕೆ ಹೋದದ್ದು ಅಂತ ಕೇಳಿದ್ರೆ ಗೋಡೆ ನೋಡ್ತಾಳೆ. ಊರಲ್ಲಿ ಎಂತ ಹೇಳ್ತಾರೆ ಗೊತ್ತುಂಟಾ? ಮೊಬೈಲಿನಲ್ಲಿ ಯಾರ ಹತ್ರವೋ ಮಾತಾಡ್ತಾ ಹೋದದ್ದಂತೆ. ಯಾರ ಹತ್ರ ಅಂತಲೂ ಹೇಳ್ತಾರೆ. ಮದುವೆಗೆ ಇರುವ ಹುಡುಗಿ ಟೀಚರ್.”

“ಅಪ್ಪ, ಟೀಚರಿಗೆ ಬೊಂಡ ತನ್ನಿ,” ಎಂದಳು ದೀಕ್ಷಿತಾ.

“ತರ್ತೇನೆ, ತರ್ತೇನೆ. ನನ್ನನ್ನು ಓಡಿಸ್ಲಿಕ್ಕೆ ಇವಳಿಗೆ ಬೊಂಡ,” ಎಂದು ಗೊಣಗುತ್ತ ಅವನು ಎಳನೀರು ಕೊಯ್ಯಲು ಹಿತ್ತಿಲಿಗೆ ಹೋದ. ಕತ್ತಿ ತೆಗೆದ ಸದ್ದು ಕೇಳಿಸಿತು.

ಮನೋರಮಾ ಕೇಳಲು ಬಂದದ್ದು ಒಂದೇ ಮಾತು; ಅದನ್ನು ದಾರಿಯುದ್ದಕ್ಕೂ ನಾಲ್ಕು ಬಗೆಯಲ್ಲಿ ಕಟ್ಟಿಕೊಂಡಿದ್ದಳು. ನಾಲ್ಕೂ ಒಟ್ಟಿಗೆ ಬಂದು ನಿಂತವು. ಹುಡುಗಿಯೇ ತಗ್ಗಿದ ದನಿಯಲ್ಲಿ ಹೇಳಿದಳು: “ಟೀಚರ್, ನೀವು ಟೆನ್ಶನ್ ಮಾಡ್ಬೇಡಿ. ನಾನು ಯಾರಿಗೂ ಹೇಳ್ಲಿಲ್ಲ.”

ಮುಖಕ್ಕೆ ರಕ್ತ ನುಗ್ಗಿದ್ದು ಮನೋರಮಾಳಿಗೆ ತಿಳಿಯಿತು. ತನ್ನ ವಿದ್ಯಾರ್ಥಿನಿ ತನಗೆ ಅಭಯ ಕೊಡುತ್ತಿದ್ದಾಳೆ. ತಾನು ಅದನ್ನು ತೆಗೆದುಕೊಳ್ಳಲೆಂದೇ ಬಂದಿದ್ದೇನೆ. “ಎಂತಕ್ಕೆ ಹೇಳಲಿಲ್ಲ?” ಎಂದಳು, ಗದರಿಸಿದ ಹಾಗಿತ್ತು ದನಿ.

ದೀಕ್ಷಿತಾ ಪ್ಲಾಸ್ಟರಿನ ಅಂಚಿನ ಹತ್ತಿಯನ್ನು ಎಳೆಯುತ್ತ ಯೋಚಿಸಿದಳು. “ನೀವು ನನಗೆ ದಾರಿ ಕೊಟ್ಟದ್ದಲ್ವಾ ಟೀಚರ್? ದಾರಿ ಕೊಟ್ಟವರನ್ನೇ ದೂರುದು ಹೇಗೆ? ನಾನೇ ಒಂದು ಸಲ ಎಡಕ್ಕೆ ನೋಡ್ಬೇಕಿತ್ತು. ಟೀಚರ್ ಹೋಗು ಅಂದ್ರಲ್ಲ, ಇನ್ನು ಎಂತ ನೋಡುದು ಅಂತ...” ಮತ್ತೆ ನಕ್ಕಳು. “ಖಾಲಿದಣ್ಣನಿಗೆ ಜೈಲಾಗ್ತದಾ?”

ಹದಿನೇಳು ದಿನ. ಊರು ಇವಳ ಮಾನವನ್ನು ಅಂಗಡಿ ಜಗಲಿಯಲ್ಲಿ ಹಂಚಿಕೊಂಡು ತಿನ್ನುತ್ತಿರುವಾಗ, ಇಪ್ಪತ್ತೆರಡರ ಈ ಹುಡುಗಿ, ಒಂದು ವಾಕ್ಯದಿಂದ ಅದನ್ನು ನಿಲ್ಲಿಸಬಹುದಾಗಿದ್ದವಳು, ಆ ವಾಕ್ಯವನ್ನು ತನ್ನ ನಾಲಗೆಯಡಿಯಲ್ಲಿ ಇಟ್ಟುಕೊಂಡು ಗೋಡೆ ನೋಡಿದ್ದಳು. ಇಂಥದನ್ನು ಯಾವ ಪಾಠದಲ್ಲಿ ಕಲಿಸಿದೆ ಎಂದು ಮನೋರಮಾ ಹುಡುಕಿದಳು. ಯಾವ ಪಾಠದಲ್ಲಿಯೂ ಕಲಿಸಿರಲಿಲ್ಲ. ಲೋಕಯ್ಯ ತಂದ ಬೊಂಡದ ನೀರನ್ನು ಅವಳು ನಿಂತೇ ಕುಡಿದಳು. ಸೀರೆಯ ಮೇಲೆ ಚೆಲ್ಲಿತು, ಒರೆಸಿಕೊಳ್ಳಲಿಲ್ಲ.

ಹಿಂದಿರುಗುವಾಗ ನಾಲ್ಕುಮಾರ್ಗದ ಬಾಯಲ್ಲಿ ನಿಲ್ಲಿಸಿದಳು. ಇದು ದೀಕ್ಷಿತಾ ಕಾಲೂರಿ ನಿಂತ ಜಾಗ. ಎಡಗಡೆ ನೋಡಿದಳು: ಆಳೆತ್ತರದ ದರೆ, ಮೇಲೆ ಕುರುಚಲು ಗಿಡ, ಅಷ್ಟೇ. ಕೆಳಗಿನ ಮಾರ್ಗ ಕಾಣಿಸುವುದೇ ಇಲ್ಲ. ಏರಿ ಬರುವುದು ಆನೆಯಾದರೂ ಎದುರಿಗೆ ಬಂದ ಮೇಲೆಯೇ ತಿಳಿಯಬೇಕು. ಇಲ್ಲಿಂದ ಕಾಣಿಸುವುದು ಬಲಗಡೆಯ ಎತ್ತರದಲ್ಲಿ ಇಳಿದು ಬಂದು ನಿಲ್ಲುವವರು ಮಾತ್ರ. ಅವರ ಮುಖ, ಅವರ ಕೈ. ಇಲ್ಲಿ ನಿಂತವರಿಗೆ ಕಣ್ಣು ಎಂದರೆ ಅಲ್ಲಿ ನಿಂತವರೇ. ಎಡಕ್ಕೆ ನೋಡಬೇಕಿತ್ತು ಎಂದಳಲ್ಲ ಹುಡುಗಿ. ನೋಡಿದ್ದರೂ ಕಾಣುವಂಥದು ಏನೂ ಇರಲಿಲ್ಲ ಎಂಬುದು ಅವಳಿಗೆ, ದಿನಕ್ಕೆ ಎರಡು ಸಲ ಇಲ್ಲಿ ನಿಲ್ಲುವವಳಿಗೆ, ತಿಳಿಯದೆ ಇರುತ್ತದೆಯೇ? ಮನೋರಮಾ ಮೇಲಿನ ಮಾರ್ಗದ ಆ ಎತ್ತರವನ್ನು ನೋಡಲು ಹೋಗಿ, ಕಣ್ಣು ಹಿಂದೆಗೆದಳು. ಬಲಕ್ಕೆ ಹೊರಳಿ ಅದನ್ನು ಹತ್ತುವಾಗ ಮುಂದಿನ ಡಾಮರಿನ ಮೇಲೆಯೇ ದೃಷ್ಟಿಯಿಟ್ಟಿದ್ದಳು. ಹಿಂದಿನ ಕನ್ನಡಿಯನ್ನು ನೋಡಲೇ ಇಲ್ಲ.

ಸ್ಟೇಷನಿನ ವರಾಂಡದಲ್ಲಿ ಇದ್ದದ್ದು ಒಂದೇ ಬೆಂಚು. ಅದರಲ್ಲಿ ಕುಳಿತಿದ್ದ ಖಾಲಿದ್ ಅವಳನ್ನು ಕಂಡೊಡನೆ ಎದ್ದು, ಕುಳಿತ ಜಾಗವನ್ನು ಅಂಗೈಯಿಂದ ಒರೆಸಿ, ಗೋಡೆಗೆ ಸರಿದು ನಿಂತ. ಮೂವತ್ತರ ಹತ್ತಿರದ ಗಂಡಸು, ಗಡ್ಡ ಬಂದಿದೆ, ಎರಡು ಮಕ್ಕಳ ತಂದೆ. ನಿಂತ ಬಗೆ ಮಾತ್ರ ಕೊನೆಯ ಬೆಂಚಿನದೇ. “ಹುಡುಗಿ ಹೇಗಿದ್ದಾಳೆ ಟೀಚರ್? ನನ್ನ ಉಮ್ಮ ಎರಡು ಸಲ ಹೋದ್ರು ನೋಡ್ಲಿಕ್ಕೆ. ಲೋಕಯ್ಯಣ್ಣ ಗೇಟು ತೆಗೀಲಿಲ್ಲ.” ಅವಳು ಏನೋ ಹೇಳಿದಳು. ಒಳಗಿನಿಂದ ಕರೆ ಬಂತು.

ಎ.ಎಸ್.ಐ. ಕಣ್ಣೂರಿನ ಕಡೆಯವನು, ಒಳ್ಳೆಯ ಮನುಷ್ಯ, ಕನ್ನಡವನ್ನು ಮಲಯಾಳದ ದಾರಿಯಲ್ಲಿ ನಡೆಸಿಕೊಂಡು ಮಾತಾಡುತ್ತಿದ್ದ. ಅವಳು ಚೀಲದಿಂದ ತೆಗೆದು ಮುಂದಿಟ್ಟ ಹಾಳೆಯನ್ನು ತಿರುಗಿಸಿ ನೋಡಿ, “ಎಷ್ಟು ಭಂಗಿ ಉಂಟು ಅಕ್ಷರ!” ಎಂದು ಅದರ ಚಂದವನ್ನು ಮೆಚ್ಚಿ, ಹಿಂದಕ್ಕೆ ತಳ್ಳಿದ. “ಬರೆದದ್ದು ಬೇಡ ಟೀಚರೇ. ನೀವು ಹೇಳ್ಬೇಕು, ನಾನು ಎಳುತುದು, ಬರೆಯುದು. ಸಹಿಯೂ ಬೇಡ.” ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಸಹಿ ಬೇಡವೇ? ಮೂರು ಪ್ರತಿ, ಅರ್ಧವಿರಾಮ, ‘ತಕ್ಕದ್ದು’ ಎಂಬ ಆ ಕ್ರಿಯಾಪದದ ಗಾಂಭೀರ್ಯ, ಇದಾವುದೂ ಬೇಡವೇ? ಬಾಯಿ ಬಿಟ್ಟು ಹೇಳಬೇಕು ಎಂದಾಗ, ಆ ವಾಕ್ಯಗಳು ಹಾಳೆಯನ್ನು ಬಿಟ್ಟು ಏಳಲೊಲ್ಲದೆ ಅಲ್ಲಿಯೇ ಮಲಗಿದವು. ಅವಳ ಬಾಯಿಂದ ಬಂದದ್ದು ಬೇರೆಯೇ.

“ನನ್ನ ಕಾರು ಆಫ್ ಆಗಿತ್ತು. ಹುಡುಗಿ ಹಾರ್ನ್ ಕೇಳಿ ನಿಂತಿದ್ದಳು. ಮೊಬೈಲ್ ಗಿಬೈಲ್ ಏನೂ ಇರಲಿಲ್ಲ. ನಾನು ಹೋಗು ಅಂತ ಕೈ ತೋರಿಸಿದೆ. ಅದಕ್ಕೆ ಹೋದಳು.”

ಪೆನ್ನು ನಿಂತಿತು. ಬಾಗಿಲಿನ ಬಳಿ ಖಾಲಿದ್ ತಲೆ ಎತ್ತಿದ.

“ಅದು ಸಾರವಿಲ್ಲ ಟೀಚರೇ,” ಎಂದ ಎ.ಎಸ್.ಐ., ಪರವಾಗಿಲ್ಲ ಎಂಬ ಸಮಾಧಾನದ ದನಿಯಲ್ಲಿ. “ಕೈ ತೋರಿಸಿದ್ದಕ್ಕೆ ಸೆಕ್ಷನ್ ಎಂತದೂ ಇಲ್ಲ. ಲಾರಿಯವ ಒಪ್ಪಿದ್ದಾನೆ, ತೆಟ್ಟು ಅವನದ್ದೇ ಅಂತ. ನೀವು ಗೌರವದವರು, ಸುಮ್ಮನೆ ಎಂತಕ್ಕೆ ಇದರ ಒಳಗೆ? ಶಾಲೆಯಲ್ಲಿಯೂ ಗೊತ್ತಾಗ್ತದೆ, ಪೇಪರಿನವರು ಬರ್ತಾರೆ.”

“ಬರೆಯಿರಿ,” ಎಂದಳು.

ಅವನು ಬರೆದ. ಮುಗಿದ ಮೇಲೆ, ಗಡಿನಾಡಿನ ಸ್ಟೇಷನಿನ ರೂಢಿಯಂತೆ ಮಲಯಾಳದಲ್ಲಿದ್ದ ಅದನ್ನು ಓದಿ ಹೇಳಿದ. ಅವಳ ಇಷ್ಟೂ ದಿನದ ಉರಿ ನಾಲ್ಕು ಸಾಲಾಗಿತ್ತು. ಸರಿಯೇ ಎಂದು ಕೇಳಿದ. ಸರಿ ಎಂದಳು. ಎದ್ದು ಹೊರಡುವಾಗ ಎದೆ ಹಗುರಾಗಬೇಕಿತ್ತು; ಸತ್ಯ ಹೇಳಿದವರಿಗೆ ಹಗುರಾಗುತ್ತದೆ ಎಂದು ಅವಳು ಮಕ್ಕಳಿಗೆ ಕಲಿಸಿದ್ದಳು. ಆಗಲಿಲ್ಲ. ಎಲ್ಲೋ ಒಂದು ಕಡೆ ಇನ್ನೂ ಬೀಗ ಹಾಕಿಯೇ ಇತ್ತು.

ಖಾಲಿದ್ ಗೇಟಿನವರೆಗೆ ಹಿಂದೆಯೇ ಬಂದ. ಅವನಿಗೆ ಸಿಟ್ಟು ಬಂದಿತ್ತು. “ಎಂತಕ್ಕೆ ಹೇಳಿದ್ದು ಟೀಚರ್ ಅದನ್ನು? ನಾನೂ ನೋಡಿದ್ದೇನೆ ನಿಮ್ಮ ಕೈ. ಹೇಳ್ಬೇಕು ಅಂತ ಇದ್ರೆ ಅವತ್ತೇ ಹೇಳ್ತಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?” ಒಂದೇ ದಿನದಲ್ಲಿ ಎರಡನೆಯ ಸಲ ಅವಳು ಈ ಪ್ರಶ್ನೆಯನ್ನು ಕೇಳುತ್ತಿದ್ದಳು.

“ಅವಳು ನನ್ನ ಬಲದಲ್ಲಿ ಇದ್ದದ್ದು.” ಅವನು ಎಡ ಅಂಗೈಯನ್ನು ಬಲ ಅಂಗೈಯ ಮೇಲೆ ಉಜ್ಜಿದ, ಅಲ್ಲಿ ಏನೋ ಅಂಟಿರುವ ಹಾಗೆ. “ನೀವೇ ಬರೆಸಿದ್ದಲ್ವಾ. ಎಂಟು ವರ್ಷದಿಂದ ಆ ಏರು ಹತ್ತುವಾಗ ಪ್ರತಿ ಸಲವೂ ಮನಸ್ಸಿನಲ್ಲಿ ಹೇಳಿಕೊಳ್ತೇನೆ ಟೀಚರ್, ಬಲದವರದ್ದು ಸರದಿ, ನಾನು ಕದ್ದು ಹೋಗ್ತಾ ಇದ್ದೇನೆ, ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಮಾಫ್ ಮಾಡಿ ಅಂತ. ಆ ದಿನ ಮಾಫ್ ಸಿಕ್ಕಲಿಲ್ಲ, ಅಷ್ಟೇ. ಅದಕ್ಕೆ ನೀವು ಎಂತ ಮಾಡುದು?”

ಅವಳು ಅವನನ್ನು ನೋಡಿದಳು. ಹಾರ್ನನ್ನು ಹಕ್ಕುಪತ್ರ ಎಂದಿದ್ದಳು; ಅದು ಕ್ಷಮಾಪಣೆಯಾಗಿತ್ತು. ಶಿಕ್ಷೆಯೆಂದು ಬರೆಸಿದ ಒಂದು ಶಬ್ದ ಈ ಮನುಷ್ಯನೊಳಗೆ ಇಳಿದು, ತೊಳೆಯದೆ ಉಳಿದು, ಹನ್ನೆರಡು ಟನ್ ಕಲ್ಲಿನ ಜೊತೆಗೆ ದಿನಾಲೂ ಏರು ಹತ್ತಿತ್ತು. ಕಲಿಸಿದವಳು ಕಲಿತವನಷ್ಟು ಅದನ್ನು ನಂಬಿರಲಿಲ್ಲ. ಅವಳಿಗೆ ಅಲ್ಲಿಯೇ, ಜಪ್ತಿ ಮಾಡಿ ನಿಲ್ಲಿಸಿದ ಬೈಕುಗಳ ಸಾಲಿನ ನಡುವೆ, ಯಾವುದೋ ದೊಡ್ಡ ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಬಂದುಬಿಟ್ಟವರ ಹಾಗೆ ಅನಿಸಿತು.

ಅವನ ಲಾರಿ ಸ್ಟೇಷನಿನಲ್ಲೇ ಇತ್ತು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಬಾ ಎಂದಳು. ಬೇಡ ಎಂದ. ಬಾ ಎಂದು ಟೀಚರಿನ ದನಿಯಲ್ಲಿ ಹೇಳಿದಳು. ಬಂದು, ಎಡಗಡೆಯ ಸೀಟಿನಲ್ಲಿ ಮಂಡಿ ಮಡಚಿ ಕುಳಿತ. ಅವಳು ಗೇರು ತಪ್ಪಿದಾಗಲೂ ಅವನು ಹೊರಗೆ ನೋಡಿದ. ಅಷ್ಟು ಮರ್ಯಾದೆ ಅವನಿಗೆ ಗೊತ್ತಿತ್ತು. ತಂಗಿಯ ಮಗಳು ಅಕ್ಷಯಾ ಮೊನ್ನೆ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡದ್ದನ್ನು ಅವಳು ಹೇಳಿದಾಗ ನಕ್ಕ. “ಕ್ಲಚ್ಚಿನಲ್ಲಿ ಕಾಲು ಇಟ್ಟುಕೊಂಡೇ ಇರ್ತೀರಿ ಟೀಚರ್. ಅದು ಹಾಳಾಗುದು ಅದಕ್ಕೇ.” ಮೇಲಿನ ಮಾರ್ಗ ಕೊನೆಯ ಇಳಿತಕ್ಕೆ ಬಂತು. ಅವಳು ಕಾರನ್ನು ನಿಲ್ಲಿಸಿದಳು, ಬಲಗಡೆ ನೋಡಿದಳು, ಹೊಸಂಗಡಿಯ ಮಾರ್ಗ ಬರಿದಾಗಿತ್ತು. ಸರದಿ ಅವಳದು. ಅವಳು ಹೋಗಲಿಲ್ಲ.

ಅಲ್ಲಿಂದ ಎಲ್ಲವೂ ಕಾಣಿಸುತ್ತಿತ್ತು. ಎಡಗಡೆ ದೀಕ್ಷಿತಾಳ ಮಾರ್ಗ, ಅದರ ಬಾಯಿ. ನಡುವೆ ದರೆ. ದರೆಯ ಈಚೆಗೆ ಕೆಳಗಿನ ಮಾರ್ಗ, ಏರಿನ ಪೂರ್ತಿ ಉದ್ದ, ಗೋಳಿಮರದವರೆಗೂ, ಅಂಗೈಯ ಗೆರೆಯ ಹಾಗೆ. ನಾಲ್ಕು ಮಾರ್ಗಗಳ ಪೈಕಿ ಇದೊಂದರ ಬಾಯಲ್ಲಿ ನಿಂತವರಿಗೆ ಮಾತ್ರ ಕಾಣದವರಿಬ್ಬರೂ ಒಟ್ಟಿಗೆ ಕಾಣುತ್ತಾರೆ. ಅವಳು ಹದಿನೇಳು ದಿನ ಬಿಸಿಯಾಗಿ ಕಾಯ್ದುಕೊಂಡದ್ದು ಈಗ ಆರಿತು, ಅದರಡಿ ಇದ್ದದ್ದು ಇದ್ದಲ್ಲೇ ಇತ್ತು.

ಖಾಲಿದನೂ ನೋಡುತ್ತಿದ್ದ. ದಿನಾಲೂ ಲಾರಿಯಲ್ಲಿ ಏರುತ್ತ ಕೆಳಗಿನಿಂದ ಕಂಡ ಜಾಗವನ್ನು ಅವನು ಮೊದಲ ಸಲ ಮೇಲಿನಿಂದ, ಕುಳಿತು, ನೋಡುತ್ತಿದ್ದ. ಮುಖ ತಿರುಗಿಸದೆ ಕೇಳಿದ: “ಟೀಚರ್, ಇಲ್ಲಿಂದ ನಾನು ಕಾಣ್ತಿದ್ದೆನಾ?”

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು.

“ಕಾಣ್ತಿದ್ದೆ,” ಎಂದಳು ಮನೋರಮಾ. “ಮರ ದಾಟಿ ಅರ್ಧ ಏರಿದ್ದೆ ನೀನು. ನನ್ನ ಕಾರು ಸತ್ತು ನಿಂತಿತ್ತು, ಅವಮಾನ ಆಗಿತ್ತು, ಅದರ ಮೇಲೆ ನಿನ್ನ ಹಾರ್ನ್. ಒಂದು ದಿನವಾದರೂ ಇವನು ನಿಲ್ಲಲಿ, ಕಲಿಯಲಿ ಅಂತ... ನಿನ್ನನ್ನು ನಿಲ್ಲಿಸಲಿಕ್ಕೆಂದೇ ಅವಳನ್ನು ಕಳಿಸಿದೆ.”

ಅವನು ಸಾರವಿಲ್ಲ ಎನ್ನಲಿಲ್ಲ. ಅವನ ದವಡೆ ಒಮ್ಮೆ ಬಿಗಿಯಿತು, ಸಡಿಲಿತು. ಕ್ಷಮೆಯನ್ನು ಅವನು ಕೊಡದೆ ಇದ್ದುದಕ್ಕೆ ಅವಳು, ಬದುಕಿನಲ್ಲಿ ಯಾವುದಕ್ಕೂ ಆಗದಷ್ಟು, ಕೃತಜ್ಞಳಾದಳು.

ಅವಳು ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಕಾರು ಕೂಡುರಸ್ತೆಯ ನಟ್ಟನಡುವೆ ಅಡ್ಡಲಾಗಿ ನಿಂತಿತು. ರಿವರ್ಸ್ ಬೀಳಲಿಲ್ಲ; ಎರಡನೆಯ ಸಲ ಬಿತ್ತು. ಅಷ್ಟರಲ್ಲಿ ಹೊಸಂಗಡಿಯ ಕಡೆಯಿಂದ ಬಸ್ಸು ಬಂದು ನಿಂತಿತು. ದೀಕ್ಷಿತಾಳ ಮಾರ್ಗದಿಂದ ಆಟೋ. ಹಿಂದಿನಿಂದ, ಇಳಿದು ಬಂದ ಮೀನಿನ ಗಾಡಿ. ಹಿಂದಕ್ಕೆ ಒಂದು ಮಾರು, ಮುಂದಕ್ಕೆ ಅರ್ಧ ಮಾರು. ಕಾರು ಸತ್ತಿತು, ಮತ್ತೆ ಎಬ್ಬಿಸಿದಳು. ಹಿಂದಕ್ಕೆ, ಮುಂದಕ್ಕೆ. ಬಂದ ದಾರಿಗೇ ಹಿಂದಿರುಗುವವರಿಗೆ ಯಾರು ದಾರಿ ಬಿಡಬೇಕೆಂದು ಅವಳು ಕಲಿಸಿದ ಪಾಠದಲ್ಲಿ ಇರಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ಮುಖಗಳು. ಟೀಚರಿಗೆ ಎಂತ ಆಯ್ತು ಎಂದು ಯಾರೋ ಯಾರನ್ನೋ ಕೇಳಿದರು. ಅವಳ ಬೆನ್ನು ಬೆವತು ಸೀಟಿಗೆ ಅಂಟಿತ್ತು. ಮೂರು ಮಾರ್ಗಗಳೂ ಎಂಜಿನ್ನಿನ ಸಣ್ಣ ಗುನುಗಿನಲ್ಲಿ ಕಾಯುತ್ತಿದ್ದವು. ಒಬ್ಬರೂ, ಒಂದು ಸಲವೂ, ಹಾರ್ನು ಹೊಡೆಯಲಿಲ್ಲ. ಮೂತಿ ಮೇಲಿನ ಮಾರ್ಗದ ಕಡೆಗೆ ಹೊರಳಿದಾಗ ಅವಳು ಮೊದಲನೆಯ ಗೇರು ಹಾಕಿ, ಸ್ಟೇಷನಿನ ಏರನ್ನು ಹತ್ತತೊಡಗಿದಳು.